ಚಾರ್ಜ್ ಕೊಡದ ಮೆನು

ಕಮಲಾಪುರದ ಆ ಸರ್ಕಾರಿ ಕಚೇರಿಯಲ್ಲಿ ಎಲ್ಲ ಮೇಜುಗಳಿಗೂ ಸೇರಿ ಇದ್ದ ಒಂದೇ ಕಂಪ್ಯೂಟರ್ ಬೆಳಿಗ್ಗೆ ಚುರುಕಾಗಿರುತ್ತಿತ್ತು. ಊಟದ ಹೊತ್ತಿಗೆ ಮಾತ್ರ, ಒಂದು ಅಕ್ಷರ ಒತ್ತಿ ಚಾ ಕುಡಿದು ಬಂದರೂ ಪರದೆಯ ಮೇಲೆ ಮೂಡುತ್ತಿರಲಿಲ್ಲ. ಕಲಬುರಗಿಯಿಂದ ಬಸ್ ಹತ್ತುವಾಗಲೇ ನಾನು ಯಂತ್ರಕ್ಕೆ ವಯಸ್ಸಾಗಿದೆ ಎಂದು ತೀರ್ಪು ಕೊಟ್ಟಿದ್ದೆ.

ಹೋಗಿ ನೋಡಿದರೆ, ಪರದೆಯ ಮೇಲೆ ಕೆಲಸಗಳ ಪಟ್ಟಿ ತೋರಿಸಲು ನಾನೇ ಬರೆದುಕೊಟ್ಟ ಮೆನು ಪ್ರೋಗ್ರಾಂನ ನೂರಾರು ಪ್ರತಿಗಳು ಒಳಗೆ ಸುಮ್ಮನೆ ಕಾಯುತ್ತ ಕೂತಿದ್ದವು.

"ಏನಾಗೇದ್ರೀ ಸಾಹೇಬ್ರ?" ಹೆಡ್ ಕ್ಲರ್ಕ್ ಶರಣಪ್ಪನವರು ಹಿಂದೆ ಬಂದು ನಿಂತಿದ್ದರು.

ಮುಚ್ಚಿಡುವಂತಿರಲಿಲ್ಲ. "ಒಂದು ಕೆಲಸ ಮುಗಿದ ಮ್ಯಾಲೆ ಹಳೇ ಮೆನು ಹೊಸ ಮೆನುನ ಕರೀತದ್ರೀ. ಕರದು ತಾನು ಹೋಗೋದಿಲ್ಲ. ಅದು ಮುಗಿಯೋತನಕ ಕಾಯ್ಕೋತ ಕೂಡ್ತದ."

"ಅಂದ್ರ ಚಾರ್ಜ್ ಕೊಟ್ಟಿಲ್ಲ," ಎಂದರು ತಟ್ಟನೆ. "ಹೊಸಬ ಬಂದ್ರ ಕುರ್ಚಿ ಬಿಟ್ಟು ಏಳಬೇಕಲ್ರೀ."

ಕಂಪ್ಯೂಟರಿಗೆ ಆಜ್ಞೆ ಕೊಡುವ ಶೆಲ್ ಭಾಷೆಯ 'ಎಕ್ಸೆಕ್' ಎಂಬ ಪದವನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ. ಅದಿದ್ದರೆ ಹೊಸ ಪ್ರೋಗ್ರಾಂ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಳ್ಳುವುದಿಲ್ಲ, ಹಳೆಯದರ ಜಾಗದಲ್ಲೇ ಕೂರುತ್ತದೆ. ಮೆನು ಕರೆಯುವ ಸಾಲಿನ ಮುಂದೆ ಆ ಒಂದು ಪದ ಸೇರಿಸಿದೆ. ಎಲ್ಲರಿಗೂ ಒಮ್ಮೆ ಮೆನುವಿನಿಂದ ಹೊರಬಂದು ಮತ್ತೆ ಒಳಹೋಗಲು ಹೇಳಿದೆ. ಊಟದ ನಂತರವೂ ಯಂತ್ರ ಬೆಳಗಿನಂತೆಯೇ ಓಡಿತು.

ಹೊರಡುವಾಗ, ಬಾಗಿಲ ಬಳಿಯ ಬೆಂಚಿನ ಮೇಲೆ ಚೀಲ ತಬ್ಬಿ ಕೂತಿದ್ದವರು ಯಾರೆಂದು ಕೇಳಿದೆ.

"ಅವರಾ? ನನ್ನ ಜಾಗಾಕ್ಕ ಬಂದಾರ್ರೀ, ಹ್ವಾದ ತಿಂಗಳ," ಎಂದರು ಶರಣಪ್ಪನವರು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತ. "ನನಗ ಕಲಬುರ್ಗಿಗೆ ವರ್ಗ ಆಗೇದ. ಚಾರ್ಜ್ ಕೊಡಬೇಕು, ನೋಡೋಣ."

ಯಂತ್ರಕ್ಕಾದರೆ ಒಂದು ಪದ ಸಾಕಾಗಿತ್ತು.