ಅವ್ವನ ಸೇರು

ಮೊನ್ನೆ ಅಟ್ಟ ಗುಡಿಸುವಾಗ ಅವ್ವನ ಮರದ ಸೇರು ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಹಳೇ ರಾಗಿಯ ವಾಸನೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಗುಜರಿಗೆ ಹಾಕಬೇಡಿ, ಬಿಟ್ಟಿ ಸಲಹೆ. ಸಲಹೆ ಕೊಡುವುದು ನನ್ನ ಚಾಳಿ, ನಾನು ಕೆಟ್ಟದ್ದೂ ಅದರಿಂದಲೇ.

ಹೊಳೆನರಸೀಪುರದ ರಾಗಿ ಅಂಗಡಿಯನ್ನು ಸ್ವಂತ ಬುದ್ಧಿಯಿಂದ ಕಟ್ಟಿದೆನೆಂದು ಹೇಳಿಕೊಂಡು ತಿರುಗಿದವನು ನಾನು. ಚನ್ನರಾಯಪಟ್ಟಣದ ಸಂತೆಯಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತಿದ್ದದ್ದು ನಾನೇ, ನಿಜ. ಆದರೆ ಗಿರಾಕಿಗಳು ಬರುತ್ತಿದ್ದದ್ದು ಅವ್ವನ ಅಳತೆಯನ್ನು ನಂಬಿ. ನಮ್ಮ ಮನೆಮಾತು ತೆಲುಗು. ಅವ್ವ ಗಿರಾಕಿಗಳೊಡನೆ ಕನ್ನಡದಲ್ಲೇ ಜಗಳವಾಡುತ್ತಿದ್ದಳು. ಎಣಿಕೆ ಮಾತ್ರ ತೆಲುಗು. ಮೊದಲ ಸೇರಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು. 'ಲಾಭಂ, ರೆಂಡು, ಮೂಡು' ಎಂದು ರಾಗವಾಗಿ ಸುರಿಯುತ್ತಿದ್ದಳು.

ಭಾಷೆಗೊಂದು ರಾಜ್ಯ ಮಾಡುತ್ತಾರೆಂದು ಹಾಸನದ ಹೋಟೆಲುಗಳಲ್ಲಿ ಕಾಫಿ ಆರುವವರೆಗೂ ವಾದ ನಡೆಯುತ್ತಿದ್ದ ಕಾಲ. ಅರಕಲಗೂಡಿನ ಗಾಡಿಯವನೊಬ್ಬ ಅವ್ವನ ಎಣಿಕೆ ಕೇಳಿ ನಕ್ಕ: "ಲೇ, ನಿಮ್ಮವ್ವ ಇಂಗೇ ಅಳೀತಿದ್ರೆ ನಿನ್ನ ಅಂಗ್ಡೀನ ಆಂಧ್ರಕ್ಕೆ ಸೇರಿಸ್ಬುಡ್ತಾರೆ ಕಣ್ಲಾ."

ತಮಾಷೆಯೆಂದು ಗೊತ್ತಿತ್ತು. ಆದರೂ ವ್ಯಾಪಾರಿ ಮುಂದಾಲೋಚನೆ ಮಾಡಬೇಕಲ್ಲ. ರಾಜ್ಯಗಳ ಗೆರೆ ಎಳೆದು ಮುಗಿಯುವವರೆಗೆ ಕನ್ನಡದಲ್ಲೇ ಎಣಿಸೆಂದು ಅವ್ವನಿಗೆ ಅಪ್ಪಣೆ ಮಾಡಿದೆ. ಅಪ್ಪಣೆ ಮಾಡಿದ್ದು ತೆಲುಗಿನಲ್ಲಿ.

ಗಾಡಿಯವನಿಗೂ ಕೇಳಲೆಂದು ಅವ್ವ ಕನ್ನಡದಲ್ಲಿ ಅಂದಳು: "ಉಣ್ಣೋನಿಗೆ ರಾಗಿ ಯಾವ ರಾಜ್ಯದ್ದಾದ್ರೇನ್ಲಾ?"

ಆದರೂ ಮಗನ ಮಾತು ಮೀರಲಿಲ್ಲ. ಏಳಕ್ಕೋ ಎಂಟಕ್ಕೋ ಎಣಿಕೆ ತಪ್ಪುವಳು. ಸುರಿದದ್ದನ್ನು ಚೀಲಕ್ಕೆ ಹಾಕಿ ಮತ್ತೆ ಮೊದಲಿನಿಂದ. ಅವಳ ಕೈಯನ್ನು ಕಣ್ಣುಮುಚ್ಚಿ ನಂಬುತ್ತಿದ್ದವರು, "ನೀನೇ ಒಂದ್ಸಲ ಅಳ್ದ್ಬುಡು ಸಾವ್ಕಾರ" ಎನ್ನತೊಡಗಿದರು. ಒಂದು ಸಂಜೆ ಸೇರನ್ನು ನನ್ನ ಮುಂದಿಟ್ಟು ಒಳಗೆ ಹೋದಳು.

ಐವತ್ತಾರರಲ್ಲಿ ಗೆರೆ ಎಳೆದರು. ಧಾರವಾಡ, ಗುಲ್ಬರ್ಗದ ಕಡೆಯವರೆಲ್ಲ ನಮ್ಮೊಡನೆ ಸೇರಿದರು. ಹಾಸನ ಇದ್ದಲ್ಲೇ ಇತ್ತು, ನನ್ನ ಅಂಗಡಿಯೂ. ಜಾಗ ಬದಲಾದದ್ದು ಅವ್ವನದು ಮಾತ್ರ, ಅಂಗಡಿಯಿಂದ ಅಡುಗೆಮನೆಗೆ. ಹೋಗಿ ತೆಲುಗಿನಲ್ಲೇ ಕರೆದೆ: ಎಲ್ಲ ಮುಗಿಯಿತು, ಬಾ, ನಿನ್ನಿಷ್ಟದಂತೆ ಅಳೆ.

"ನೀನೇ ಅಳ್ಕೊಳಪ್ಪ. ನಂಗೀಗ ಎರಡ್ರಲ್ಲೂ ತಪ್ತದೆ." ಒಲೆಯ ಮುಂದೆ ಕೂತು, ನಾವಿಬ್ಬರೇ ಇದ್ದಾಗಲೂ, ಕನ್ನಡದಲ್ಲೇ ಅಂದಳು. ಸಾಯುವವರೆಗೂ ಸೇರು ಮುಟ್ಟಲಿಲ್ಲ.

ಮೊನ್ನೆ ಅದನ್ನು ಒರೆಸಿ ರಾಗಿ ಚೀಲದ ಮುಂದೆ ಕೂತೆ. "ಯಾಕ್ ಮಾವ, ತೂಕದ ಮಿಷನ್ ಕೆಟ್ಟೋಯ್ತಾ?" ಎಂದಳು ಸೊಸೆ. ಲಾಭಂ, ರೆಂಡು, ಮೂಡು ಎಂದು ಸುರಿಯುತ್ತ ಹೋದೆ. ತೆಲುಗಿನ ಏಳು, ಏಡು ಆದಮೇಲೆ ಬಾಯಿ ತಾನಾಗಿ ಕನ್ನಡದಲ್ಲಿ ಎಂಟು ಎಂದಿತು. ಸುರಿದದ್ದನ್ನೆಲ್ಲ ಚೀಲಕ್ಕೆ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದೆ.