ಅಜ್ಜಿಯ ನೆಟಿಗೆ

ಎಪ್ಪತ್ತರ ದಶಕದ ಪಟ್ಟಂದೂರು ಅಗ್ರಹಾರದಲ್ಲಿ ದಿನಾ ಕೆರೆಗಿಳಿಯುತ್ತಿದ್ದದ್ದು ಎಮ್ಮೆಗಳು, ಬಿಟ್ಟರೆ ನಾನು. ಎಮ್ಮೆಗಳಿಗಾದರೂ ಮಾನ ಮರ್ಯಾದೆ ಇತ್ತು. ಸಂಜೆಯಾದರೆ ತಾವಾಗಿಯೇ ಮನೆಗೆ ಹೋಗುತ್ತಿದ್ದವು. ನನ್ನನ್ನು ಮಾತ್ರ ಅಜ್ಜಿ ಕೆರೆ ಏರಿಯ ಮೇಲೆ ನಿಂತು ಬೈದು ಕರೆಯಬೇಕಿತ್ತು. ಮೇಲೆ ಬಂದೆನೋ, ಎರಡೂ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೊತ್ತಿ ಪಟಪಟನೆ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ಬೈಗುಳವೆಲ್ಲ ಊರಿಗೆ ಕೇಳಲೆಂದೇ ಇದ್ದದ್ದು.

ಕೆರೆಯಲ್ಲಿ ಶುರುವಾದ ಹುಚ್ಚು ಪೇಟೆಯ ಈಜುಕೊಳಕ್ಕೆ ಹೋಗಿ, ಒಂದಷ್ಟು ಪದಕ ತಂದು, ಕಡೆಗೆ ಕಡಲಿನ ದೂರದ ಈಜಿಗೆ ಬಂದು ನಿಂತಿತು. ಗೆದ್ದವಳು ಚಾಂಪಿಯನ್. ಆ ಪಟ್ಟ ನನಗೆ ಬೇಕೇ ಬೇಕಿತ್ತು. ಮಾರತ್ತಹಳ್ಳಿ ಬಸ್ಸಿನಲ್ಲಿ ‘ಅರ್ಧ ಬಟ್ಟೆಯವಳು’ ಎಂದು ಪಿಸುಗುಟ್ಟುತ್ತಿದ್ದವರ ಹೊಟ್ಟೆ ಉರಿಸಬೇಕಿತ್ತು.

ಪಂದ್ಯಕ್ಕೆ ನನ್ನ ಜೊತೆ ಅಜ್ಜಿಯೂ ಹೊರಟಳು. ಮೊದಲ ಸಲ ಕಡಲು ಕಂಡವಳು ಕೈ ಮುಗಿಯಲಿಲ್ಲ. “ಇಷ್ಟೊಂದ್ ನೀರು ಮಡಗವ್ರೆ, ಕೋಡಿ ಎಲ್ಲೈತೆ?” ಎಂದಳು. ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ಜಾಗವಿಲ್ಲದ ಕೆರೆ ಅವಳ ಪ್ರಕಾರ ಕಳಪೆ ಕೆಲಸ.

ಆವತ್ತು ಎಲ್ಲರಿಗಿಂತ ಮೊದಲು ದಡ ಸೇರಿದವಳು ನಾನೇ. ಆದರೆ ನೀರಿನಿಂದ ಪೂರ್ತಿ ಹೊರಗೆ ನಡೆದು ಬರುವವರೆಗೆ ಈಜುಗಾರರನ್ನು ಯಾರೂ ಮುಟ್ಟುವಂತಿಲ್ಲ, ಅದು ನಿಯಮ. ಮೊಣಕಾಲುದ್ದ ನೀರಿನಲ್ಲಿ ತೂರಾಡುತ್ತಾ ಎದ್ದು ನಿಂತೆ. ಅಷ್ಟರಲ್ಲಿ ಅಜ್ಜಿ ಸೀರೆ ಎತ್ತಿ ಕಟ್ಟಿ ನುಗ್ಗಿ ಬಂದಳು. ಕೆನ್ನೆ ಸವರಿದಳು. ಪಟಪಟ ನೆಟಿಗೆ. ಅದರ ಹಿಂದೆಯೇ ತೀರ್ಪುಗಾರ ಸಾಹೇಬರ ಸೀಟಿ.

ಪಟ್ಟ ಎರಡನೆಯವಳ ಪಾಲಾಯಿತು. ನಾನು ಗೋಳೋ ಎಂದು ಅತ್ತೆ. ತಾನು ಮುಟ್ಟಿದ್ದರಿಂದಲೇ ಕೆಟ್ಟಿತು ಎಂಬುದಷ್ಟೇ ಅಜ್ಜಿಗೆ ಅರ್ಥವಾಗಿದ್ದು. ಊರಿಗೆ ಬಂದ ಮೇಲೆ ಅವಳು ನನ್ನನ್ನು ಮುಟ್ಟುವುದನ್ನೇ ಬಿಟ್ಟಳು. ತಲೆಗೆ ಎಣ್ಣೆ ಹಚ್ಚಲೂ ಅಮ್ಮನನ್ನು ಕೂಗುತ್ತಿದ್ದಳು. ಏರಿಯ ಮೇಲಿನ ಬೈಗುಳಕ್ಕೆ ಮಾತ್ರ ಏನೂ ಕಮ್ಮಿಯಿರಲಿಲ್ಲ. ಪಟ್ಟ ಹೋದದ್ದಕ್ಕಿಂತ ನನಗೆ ಇದೇ ದೊಡ್ಡ ಸಂಕಟವಾಯಿತು.

ಮರುವರ್ಷ ಅದೇ ಕಡಲು, ಅದೇ ಸೀಟಿ ಸಾಹೇಬರು. ಗೆದ್ದೆ. ಆಮೇಲೂ ಎಷ್ಟೋ ಸಲ ಗೆದ್ದೆ, ಆದರೆ ಚೆನ್ನಾಗಿ ನೆನಪಿರುವುದು ಆವತ್ತಿನದೇ. ಒಣ ಮರಳಿನವರೆಗೂ ನಡೆದು ಬಂದು ಅಜ್ಜಿಯ ಮುಂದೆ ನಿಂತೆ. ಅವಳು ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು, “ಮೊದ್ಲು ಆ ಸಾಮಿಯೋರ್ನ ಕೇಳು ಮಗಾ, ಮುಟ್ಬೋದಾ ಅಂತ,” ಎಂದಳು.

“ಮುಟ್ಟಿ ಅಜ್ಜಿ, ಎಲ್ಲಾ ಮುಗೀತು,” ಎಂದರು ಸಾಹೇಬರು.

ಅಜ್ಜಿ ನಂಬಲಿಲ್ಲ. ಹತ್ತಿರ ಹೋಗಿ ಅವರ ಕೈಯಲ್ಲಿದ್ದ ಸೀಟಿಯನ್ನು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಬಂದು ನನ್ನ ಎರಡೂ ಕೆನ್ನೆ ಸವರಿದಳು.