ಹೊಗೆ ಕಾಯುವ ಹಾವು

ನಮ್ಮ ಯಜಮಾನರಿಗೆ ಹಾವು ಕಚ್ಚಿದ್ದು ನಿಜ. ಆ ಹಾವಿಗೆ ವಿಷ ಇರಲಿಲ್ಲ. ಅವರು ಹಾಸಿಗೆ ಹಿಡಿದದ್ದು ಹಾವು ಕಚ್ಚಿದ್ದರಿಂದಲ್ಲ, ಅದರ ಹೆಸರು ಕೇಳಿದ್ದರಿಂದ. ಹೆಸರು ಹೇಳಿದವಳು ನಾನು. ನಡೆದದ್ದು ಇಷ್ಟೇ. ಹರದನಹಳ್ಳಿಯಲ್ಲಿ ನೀವು ಬೇರೆ ಏನನ್ನಾದರೂ ಕೇಳಿದ್ದರೆ, ಅದರಲ್ಲೂ ಸುಟ್ಟ ವಿಷಯ ಕೇಳಿದ್ದರೆ, ನಂಬಬೇಡಿ.

ಹಾವು ಹುಡುಕಿಕೊಂಡು ಹೋಗುವ ಜನ ಇದ್ದಾರೆ ಎಂದು ನನ್ನ ಮಗ ಶಿವು ಹೇಳುತ್ತಾನೆ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಅವನ ಜೊತೆ ದುಡಿಯುವ ಒಬ್ಬನಿಗೆ ಇದೇ ಹುಚ್ಚಂತೆ. ಭಾನುವಾರ ಬಂತೆಂದರೆ ಗುಂಡ್ಲುಪೇಟೆ ಕಡೆ ಹೋಗಿ, ಕಲ್ಲುಸಂದಿ ಬೇಲಿಸಂದಿ ಬಗ್ಗಿ ನೋಡಿ, ಫೋಟೊ ತೆಗೆದು, ಹೆಸರು ಬರೆದುಕೊಂಡು ಬರುತ್ತಾನಂತೆ. ಬರಲಿ, ಒಳ್ಳೆಯದು. ನಾನು ಮದುವೆಯಾಗಿ ಬಂದಾಗಿನಿಂದ ಬಾಳೆತೋಟ, ಅರಿಶಿನದ ಹೊಲ, ಸೌದೆ ಒಟ್ಟಿಲು ಎಂದು ಓಡಾಡಿಕೊಂಡಿದ್ದೇನೆ. ಒಂದು ದಿನವೂ ಹಾವನ್ನು ಹುಡುಕಿದವಳಲ್ಲ. ನಮ್ಮನ್ನು ಹುಡುಕಿಕೊಂಡು ಬರುವ ಕೆಲಸವನ್ನು ಅವೇ ಮಾಡುತ್ತವೆ.

ಶಾಲೆಯನ್ನು ನಾಲ್ಕನೇ ತರಗತಿಗೆ ಬಿಟ್ಟವಳು ನಾನು. ಹಾವಿನ ಮೈಮೇಲಿನ ಹುರುಪೆ ಎಣಿಸಿ ಹೆಸರು ಹೇಳುವ ವಿದ್ಯೆ ನನಗೆ ಬಾರದು. ನಾನು ನೋಡುವುದು ಅದು ನಮ್ಮನ್ನು ಕಂಡಾಗ ಏನು ಮಾಡುತ್ತದೆ ಎಂದು. ಕೇರೆಹಾವು ಬಸ್ಸು ಹೊರಟುಬಿಟ್ಟಿತು ಎನ್ನುವವರ ಹಾಗೆ ಓಡುತ್ತದೆ. ನಾಗರಹಾವು ಎದ್ದು ನಿಂತು, ಏನು ಸಮಾಚಾರ ಎಂದು ಕೇಳುತ್ತದೆ. ಕೊಳಕುಮಂಡಲ ಓಡುವುದೂ ಇಲ್ಲ, ಕೇಳುವುದೂ ಇಲ್ಲ. ಬೇಳೆ ಬೇಯುತ್ತಿರುವ ಕುಕ್ಕರಿನ ಹಾಗೆ ಬುಸುಗುಡುತ್ತ ಬಿದ್ದಿರುತ್ತದೆ, ಆಗ ಹೋಗಬೇಕಾದವರು ನಾವು. ಮಣ್ಣುಮುಕ್ಕ ಹಾವಿಗೆ ತನ್ನ ತಲೆ ಯಾವುದು ಬಾಲ ಯಾವುದು ಎಂದು ತನಗೇ ಗೊತ್ತಿರುವಂತೆ ಕಾಣುವುದಿಲ್ಲ. ಅದನ್ನು ಮನೆಯಲ್ಲಿಟ್ಟುಕೊಂಡರೆ ಸಿರಿ ಬರುತ್ತದೆಂದು ಚೀಲದಲ್ಲಿ ತುಂಬಿಕೊಂಡು ಹೋದವರ ಮನೆಗೆ ಬಂದದ್ದು ಪೊಲೀಸರು. ನನ್ನನ್ನು ಸೋಲಿಸುವುದು ಕಟ್ಟುಹಾವು ಒಂದೇ. ಕಪ್ಪು ಮೈಮೇಲೆ ಬಿಳಿ ಪಟ್ಟೆ, ಕಚ್ಚಿದರೆ ನೋವೂ ಗೊತ್ತಾಗದ ವಿಷ. ಅದೇ ವೇಷ ಹಾಕಿಕೊಂಡು ಗೋಡೆ ಹತ್ತುವ ಸಾಧು ಹಾವು ಇನ್ನೊಂದಿದೆ. ಯಾವುದು ಯಾವುದೆಂದು ನಾನು ಹೇಳಲು ಹೋಗುವುದಿಲ್ಲ. ಬಾಗಿಲಿನ ಆಚೆ ನಿಂತು ಬೇರೆಯವರನ್ನು ಕೂಗುತ್ತೇನೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು, ಇಲ್ಲದಿದ್ದರೆ ಸೊಸೆ ಲತಾ ಹೇಳುತ್ತಾಳೆ. ಒಂದು ಸಂಜೆ ಹಿತ್ತಲಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದ ದೊಡ್ಡ ಕರಿನಾಗರನಿಗೆ ನಾನು ದೂರದಿಂದಲೇ ಕೈ ಮುಗಿದು, ನಿನ್ನ ಜಾಗಕ್ಕೆ ನೀನು ಹೋಗಪ್ಪ ಎಂದು ಬಹಳ ಹೊತ್ತು ಬೇಡಿಕೊಂಡೆ. ಅದು ಅಲ್ಲಾಡಲಿಲ್ಲ. ಲತಾ ಬಂದು ನೋಡಿ, "ಅತ್ತೆ, ಅದು ಬಾಳೆಗೆ ಹಾಕೋ ಡ್ರಿಪ್ ಪೈಪು" ಅಂದಳು. ಪೈಪು ಅಲ್ಲಿ ಯಾಕೆ ಇಟ್ಟರು ಎಂದು ನಾನು ಎಲ್ಲರನ್ನೂ ಬೈದೆ.

ಈಗ ನಮ್ಮ ಯಜಮಾನರ ವಿಷಯ. ಅವರು ಒಂದು ಬೆಳಿಗ್ಗೆ ಬಸ್ಸಾರಿಗೆಂದು ಹಿತ್ತಲಿನ ನುಗ್ಗೆ ಮರದಲ್ಲಿ ಸೊಪ್ಪು ಮುರಿಯಲು ಹೋದರು. ಕೊಕ್ಕೆಯ ದೋಟಿ ಇದೆ, ತೆಗೆದುಕೊಳ್ಳಿ ಎಂದರೆ ಕೇಳಲಿಲ್ಲ, ಎಲೆಯೊಳಗೆ ಕೈ ಹಾಕಿದರು. ಕೂಗಿಕೊಂಡರು. ನಾನು ಓಡಿ ಹೋಗುವಷ್ಟರಲ್ಲಿ ಅದು ಕೊಂಬೆಯಿಂದ ಕೊಂಬೆಗೆ ಏರುತ್ತಿತ್ತು. ಚಾವಟಿಯಷ್ಟು ಸಣ್ಣ, ಬೆನ್ನು ತಿಕ್ಕಿದ ಕಂಚಿನ ಬಣ್ಣ, ಪಕ್ಕಕ್ಕೆ ಕೆನೆಯಂಥ ಗೆರೆ. ಸಿಟ್ಟಿನಲ್ಲಿ ಕತ್ತು ಉಬ್ಬಿಸಿದಾಗ ಚರ್ಮದ ಸಂದಿಯಲ್ಲಿ ತಿಳಿನೀಲಿ ಚುಕ್ಕಿ ಕಂಡವು. ಇಷ್ಟು ಚೆನ್ನಾಗಿ ಹಾವು ಯಾರಿಗೂ ತನ್ನನ್ನು ತೋರಿಸುವುದಿಲ್ಲ. ಗುರುತು ಹಿಡಿದೆನೆಂದು ನನಗೆ ಹೆಮ್ಮೆಯಾಯಿತು.

"ಕೊಂಬೇರಿ ಮೂರ್ಕ ಕಣ್ರೀ, ಇಸ ಇಲ್ಲ ಬುಡಿ" ಅಂದೆ.

ಅವರ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ಅಲ್ಲೇ ಕುಸಿದು ಕೂತರು.

ವಿಷವಿಲ್ಲ ಎಂದು ನನಗೆ ಗೊತ್ತಿದ್ದರೂ ಆ ಗೊತ್ತನ್ನು ನಂಬಿ ಮನೆಯಲ್ಲಿ ಕೂರಿಸಿಕೊಳ್ಳುವ ಧೈರ್ಯ ನನಗಿಲ್ಲ, ಡ್ರಿಪ್ ಪೈಪಿಗೆ ಕೈ ಮುಗಿದವಳು ನಾನು. ಶಿವು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ರಕ್ತ ನೋಡಿದರು, ಒಂದು ದಿನ ಇರಿಸಿಕೊಂಡರು, ವಿಷ ಇಲ್ಲ, ಚೆನ್ನಾಗಿ ಊಟ ಮಾಡಿ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ ಎಂದು ಕಳಿಸಿದರು. ಯಜಮಾನರು ಮನೆಗೆ ಬಂದು, ನುಗ್ಗೆ ಮರದ ಕಡೆಗಿರುವ ಕಿಟಕಿ ಮುಚ್ಚಿಸಿ, ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಕೊಂಬೇರಿ ಮೂರ್ಕನ ಕತೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಕಚ್ಚಿದ ಮೇಲೆ ಎತ್ತರದ ಮರ ಏರಿ ಸುಡುಗಾಡಿನ ಕಡೆ ನೋಡುತ್ತ ಕೂರುತ್ತದಂತೆ. ಕಚ್ಚಿಸಿಕೊಂಡವನ ಹೆಣ ಸುಟ್ಟ ಹೊಗೆ ಕಣ್ಣಿಗೆ ಬಿದ್ದ ಮೇಲೇ ಇಳಿಯುವುದಂತೆ. ಹೊಗೆ ಕಾಣುವ ತನಕ ಬಿಡುವುದಿಲ್ಲ. ಇಷ್ಟು ಕೆಲಸದ ಮೇಲೆ ನಿಗಾ ಇರುವ ಜೀವಿಯನ್ನು ನಾನು ಮನುಷ್ಯರಲ್ಲೂ ನೋಡಿಲ್ಲ. ಒಂದು ಸಹಿ ಬೇಕೆಂದು ಹೋದರೆ ಕಚೇರಿಯಲ್ಲಿ ಕುರ್ಚಿಯ ಮೇಲೆ ಯಾರೂ ಇರುವುದಿಲ್ಲ, ಈ ಹಾವು ಊಟ ಬಿಟ್ಟು ಮರದ ಮೇಲೆ ಕಾಯುತ್ತದೆ ಎಂದರೆ ನಂಬುವುದು ಹೇಗೆ? ಆದರೆ ಯಜಮಾನರು ಚಿಕ್ಕಂದಿನಲ್ಲೇ ನಂಬಿದ್ದರು. ಈಗ ಬಿಡು ಎಂದರೆ ಬಿಡುವ ವಯಸ್ಸೂ ಅಲ್ಲ.

ಹಾವು ಊಟ ಬಿಟ್ಟಿತ್ತೋ ಇಲ್ಲವೋ, ಇವರು ಬಿಟ್ಟರು. ಮುದ್ದೆ ಮುಟ್ಟಲಿಲ್ಲ. "ಅದು ಮೇಲೆ ಕೂತದ ಕಣಮ್ಮಿ, ನಂಗೆ ಅನ್ನ ಇಳಿಯದಿಲ್ಲ" ಅನ್ನುವರು. ಊಟ ಬಿಟ್ಟವರು ಮಾತ್ರೆ ಬಿಡಲಿಲ್ಲ, ಡಾಕ್ಟರಮ್ಮ ಹೇಳಿದ್ದಾರಲ್ಲ ಎಂದು ನುಂಗಿದರು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಬೆವರು ಕಿತ್ತುಕೊಂಡು ಬಂದು ಕೈ ನಡುಗತೊಡಗಿತು. ಬೆಲ್ಲ ಕುಟ್ಟಿ ಬಾಯಿಗೆ ಹಾಕಿದೆ, ಸುಧಾರಿಸಿಕೊಂಡರು. ಶಿವು ಫೋನು ಮಾಡಿ ಕೇಳಿದ್ದಕ್ಕೆ ಆಸ್ಪತ್ರೆಯವರು ಬೈದರಂತೆ, ಹೊಟ್ಟೆಗಿಲ್ಲದೆ ಆ ಮಾತ್ರೆ ಕೊಟ್ಟರೆ ಜೀವಕ್ಕೇ ಕಷ್ಟ, ಮೊದಲು ಊಟ ಮಾಡಿಸಿ ಎಂದು. ನನಗೆ ಭಯವಾದದ್ದು ಆಗಲೇ. ಹಾವು ಮಾಡದೆ ಬಿಟ್ಟ ಕೆಲಸವನ್ನು ಇವರು ತಾವೇ ಮುಗಿಸಿಕೊಳ್ಳುವ ಹಾಗಿತ್ತು.

ಅಷ್ಟರಲ್ಲಿ ಅವರ ತಂಗಿ ನೀಲಮ್ಮ ಗುಂಡ್ಲುಪೇಟೆಯಿಂದ ಬಸ್ಸಿಳಿದಳು. ಅವಳು ಬರಿಗೈಯಲ್ಲಿ ಬರುವುದಿಲ್ಲ, ನೇಂದ್ರಬಾಳೆಯ ಚಿಪ್ಸೂ ಒಂದು ಉಪಾಯವೂ ತರುತ್ತಾಳೆ.

"ಇದಕ್ಯಾಕೆ ಇಷ್ಟು ಯೋಚ್ನೆ ಅತ್ಗೆ? ನಮ್ ಕಡೆ ಕೇರಳದ ರೋಡ್ನವ್ರು ಮಾಡ್ತರ. ಸುಡುಗಾಡ್ನಲ್ಲಿ ಒಂದೊರೆ ಹುಲ್ಲು ಸುಟ್ಬುಡದು. ಹಾವು ಹೊಗೆ ನೋಡ್ತದ, ಸತ್ತೋದ ಅನ್ಕಂಡು ಇಳ್ದು ಹೊಯ್ತದ. ನಮ್ಮಣ್ಣ ಎದ್ದು ಉಣ್ತನ."

ಯಜಮಾನರು ಎರಡು ದಿನದಲ್ಲಿ ಮೊದಲ ಸಲ ಈ ಕಡೆ ತಿರುಗಿದರು. ನನಗೂ ಪರವಾಗಿಲ್ಲ ಅನ್ನಿಸಿತು. ಆದರೆ ಅವರ ಮುಖ ಮತ್ತೆ ಇಳಿಯಿತು.

"ನಮ್ಮಲ್ಲಿ ಹೂಳದಲ್ವಾ ನೀಲಿ? ಹೊಗೆ ಎಲ್ಲಿಂದ ಬತ್ತದ?"

ನಾವು ಲಿಂಗ ಕಟ್ಟುವ ಜನ. ನಮ್ಮಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡುತ್ತಾರೆ. ಬೆಂಕಿಯ ಮಾತೇ ಇಲ್ಲ. ಯಾರೊಬ್ಬರಿಗೂ ಇದು ಹೊಳೆದಿರಲಿಲ್ಲ. ಮಲಗಿದ್ದವರು ಇದನ್ನೇ ಯೋಚಿಸುತ್ತ ಮಲಗಿದ್ದರು.

"ಯಾರು ಹೂಳ್ತರ, ಯಾರು ಸುಡ್ತರ ಅಂತ ಹಾವಿಗೇನ್ ಗೊತ್ತು?" ಅಂದಳು ನೀಲಮ್ಮ.

"ಸುಡುಗಾಡು ಎಲ್ಲದ ಅಂತ ಗೊತ್ತಿರ ಹಾವಿಗೆ ಅದು ಗೊತ್ತಾಗಕಿಲ್ವಾ?"

ಪಕ್ಕದ ಮನೆಯ ರಂಗಯ್ಯ ಗೋಡೆಯ ಮೇಲೆ ಗಲ್ಲ ಇಟ್ಟುಕೊಂಡು ಕೇಳುತ್ತಿದ್ದ. ಅವರ ಕಡೆ ಸುಡುತ್ತಾರೆ. "ಬೇಕಾದ್ರೆ ನಮ್ ಲೆಕ್ಕದಲ್ಲಿ ಸುಟ್ಕಳಿ ಯಜಮಾನ್ರೆ, ಹುಲ್ಲು ನಂದೇ ಇರ್ಲಿ" ಅಂದ.

"ನೀನೊಬ್ಬ, ಸುಮ್ನಿರ್ಲಾ ರಂಗ" ಎಂದು ಯಜಮಾನರು ಮಲಗಿದಲ್ಲಿಂದಲೇ ಗದರಿದರು. ಗದರುವ ಶಕ್ತಿ ಇದೆಯಲ್ಲ ಎಂದು ನನಗೆ ಸಮಾಧಾನ.

ಹಾಗಾದರೆ ಹುಲ್ಲಿನದೊಂದು ಬೊಂಬೆ ಮಾಡಿ ಹೂಳೋಣ ಎಂದು ನೀಲಮ್ಮ ಇನ್ನೊಂದು ದಾರಿ ತೆಗೆದಳು. ಬದುಕಿರುವಾಗಲೇ ಗುಂಡಿ ತೋಡಿಸುತ್ತೀಯಾ ಎಂದು ಅಣ್ಣ ತಂಗಿಗೆ ಜಗಳ ಹತ್ತಿತು. ನುಗ್ಗೆ ಮರವನ್ನೇ ಕಡಿಸಿಬಿಡುತ್ತೇನೆ ಎಂದ ಶಿವು. ಕಡಿಸು, ನಾಳೆಯಿಂದ ಬಸ್ಸಾರು ಕೇಳಿಕೊಂಡು ನನ್ನ ಹತ್ತಿರ ಬಾ ಎಂದೆ.

ನಾನು ಮಂಚದ ಪಕ್ಕ ಕೂತೆ. "ನಿಮ್ಮಪ್ಪಾರ್ಗೂ ಇದೇ ಹಾವು ಕಚ್ಚಿತ್ತು ಅಂತಿದ್ರಲ್ಲ?" ಎಂದು ಕೇಳಿದೆ.

"ಹೂಂ."

"ಅವರೆಷ್ಟು ದಿನ ಇದ್ರು?"

"ನಮ್ ಶಿವು ಹುಟ್ಟೋಗಂಟ ಇದ್ರು."

"ಅವ್ರನ್ನ ಹೂತ್ರಿ. ಹೊಗೆ ಬರ್ನಿಲ್ಲ. ಹಂಗಾರೆ ಆ ಹಾವು ಎಲ್ಲದ? ಇನ್ನೂ ಮರದ ಮೇಲೇ ಕೂತಿರ್ಬೇಕಲ್ವಾ? ನಿಮ್ಮಜ್ಜಾರ್ಗೆ ಕಚ್ಚಿದ್ದು, ಅವರಜ್ಜಾರ್ಗೆ ಕಚ್ಚಿದ್ದು, ಎಲ್ಲಾ ಹಂಗೇ ಕೂತಿದ್ರೆ ಈ ಊರ ಮರದಲ್ಲಿ ಎಲೆಗಿಂತ ಹಾವೇ ಜಾಸ್ತಿ ಇರ್ಬೇಕಾಗಿತ್ತು."

ಅವರು ಸೂರು ನೋಡುತ್ತ ಬಹಳ ಹೊತ್ತು ಯೋಚಿಸಿದರು. ಮಾತು ತಲೆಗೆ ಹೋಯಿತು, ನನಗೆ ಕಂಡಿತು. ಹೊಟ್ಟೆಗೆ ಹೋಗಲಿಲ್ಲ. "ನೀನೇಳದು ಸರಿ ಕಣಮ್ಮಿ" ಅಂದರು. "ಆದ್ರೂ ಒಸಿ ಹೊಗೆ ಅಂತ ಇದ್ದಿದ್ರೆ ಚೆನ್ನಾಗಿತ್ತು."

ಗಂಡಸಿನ ಹತ್ತಿರ ನ್ಯಾಯ ಮಾತಾಡಿ ಗೆದ್ದರೂ ಕೆಲಸ ಆಗುವುದಿಲ್ಲ, ಅದನ್ನು ಬೇರೆ ಮಾಡಬೇಕು. ಎದ್ದು ಬಚ್ಚಲಿಗೆ ಹೋದೆ. ತಾರಸಿಯ ಮೇಲೆ ಸೋಲಾರ್ ಬಂದ ಮೇಲೆ ನಮ್ಮ ಹಂಡೆ ಒಲೆಯಲ್ಲಿ ಬೆಕ್ಕು ಮರಿ ಹಾಕುವುದು ಬಿಟ್ಟರೆ ಬೇರೆ ಏನೂ ಆಗಿರಲಿಲ್ಲ. ಬೂದಿ ಗೋರಿ, ಕರಟ ಹಾಕಿ ಬೆಂಕಿ ಮಾಡಿ, ಮೇಲೆ ಹಸಿ ತೆಂಗಿನ ಗರಿ, ಅದರ ಮೇಲೆ ಒದ್ದೆ ಬಾಳೆಪಟ್ಟೆ ಒಟ್ಟಿದೆ. ಹುಲ್ಲಿನ ಹೆಣ ಕಟ್ಟಲಿಲ್ಲ, ಕುಲಾಚಾರ ಕೆಡಿಸಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿದೆ. ಹಾವು ಅದನ್ನು ಏನೆಂದುಕೊಂಡರೂ ಅದರ ಇಷ್ಟ.

ಹೊಗೆ ಎದ್ದಿತು ನೋಡಿ. ಬಚ್ಚಲಿನ ಹೆಂಚಿನ ಸಂದಿಯಿಂದ ಎದ್ದು, ನುಗ್ಗೆ ಮರ ಮುಚ್ಚಿ, ರಂಗಯ್ಯನ ಮನೆ ದಾಟಿ, ಬಸ್ ಸ್ಟಾಪಿನ ತನಕ ಹೋಯಿತು. ಹಾವಿಗೆ ಕಂಡಿತೋ ಇಲ್ಲವೋ, ಊರಿಗೆ ಕಂಡಿತು. ಮೂರು ದಿನದಿಂದ ಹಾವು ಕಚ್ಚಿದ ಸುದ್ದಿ ಬಾಯಲ್ಲಿ ಇಟ್ಟುಕೊಂಡಿದ್ದ ಜನ ಅದಕ್ಕೆ ಹೊಗೆ ಸೇರಿಸಿಕೊಂಡರು. ನಮ್ಮ ಬೀದಿ ತುಂಬಿತು. ಬಂದವರ ಮುಖದಲ್ಲಿ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಯಜಮಾನರು ಸತ್ತದ್ದನ್ನು ಅವರು ಒಪ್ಪಿಕೊಂಡಿದ್ದರು, ಸುಟ್ಟದ್ದನ್ನು ಒಪ್ಪಲು ತಯಾರಿರಲಿಲ್ಲ. ಅದೂ ಹಿತ್ತಲಲ್ಲಿ.

ನಾನು ಹೇಳಿದ್ದನ್ನು ಯಾರು ಕೇಳಬೇಕು. ಅಷ್ಟರಲ್ಲಿ ಮನೆಯೊಳಗೆ ಫೋನು ಹೊಡೆದುಕೊಂಡಿತು. ಮಂಚದ ಪಕ್ಕದಲ್ಲೇ ಇತ್ತು, ಯಜಮಾನರೇ ಎತ್ತಿದರು. ಚಂದಕವಾಡಿಯ ಬೀಗರು, ಲತಾಳ ತಂದೆ. ಅವರಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ, ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ಯಾರಪ್ಪ ಮಾತಾಡ್ತಿರದು? ಯಜಮಾನ್ರನ್ನ ಸುಟ್ಬುಟ್ರಂತಲ್ಲ. ಹೂಳಕೆ ನಿಮ್ಗೆ ಜಾಗ ಇರ್ನಿಲ್ವಾ?"

"ನಾನೇ ಕಣ್ರೀ ಮಾತಾಡ್ತಿರದು" ಅಂದರು ಯಜಮಾನರು.

ಆ ಕಡೆಯ ದನಿ ತಗ್ಗಿ, "ಓ. ಊಟ ಆಯ್ತಾ?" ಎಂದು ಕೇಳಿತು.

"ಇನ್ನೂ ಇಲ್ಲ."

ಹೇಳಿದ ಮೇಲೆ ಅದು ಯಜಮಾನರಿಗೇ ಸರಿಕಾಣಲಿಲ್ಲವೇನೋ. ಎದ್ದು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಹೊರಗೆ ಜಗುಲಿಗೆ ಬಂದು ನಿಂತರು. "ಏನ್ ನೋಡ್ತಿದ್ದಿರಿ? ನೀರು ಕಾಯಿಸ್ತಾವಳ" ಎಂದು ಗದರಿದರು. ಬಂದವರಿಗೆ ಸಂತೋಷವಾಯಿತೆಂದು ನಾನು ಹೇಳಲಾರೆ. ರಂಗಯ್ಯನ ಹೆಂಡತಿಯಂತೂ ಸಾವಾಯಿತೆಂದು ಮನೆಯಲ್ಲಿ ಒಲೆ ಆರಿಸಿ ಬಂದಿದ್ದಳು, ಮತ್ತೆ ಹಚ್ಚಬೇಕಲ್ಲ ಎಂದು ಗೊಣಗುತ್ತ ಹೋದಳು.

ಬಿಸಿನೀರು ಇತ್ತಲ್ಲ, ಯಜಮಾನರು ಸ್ನಾನ ಮಾಡಿದರು. ಹೊಗೆ ತಾಗಿ ಕಣ್ಣು ಕೆಂಪಗಾಗಿತ್ತು. ಬಂದು ತಟ್ಟೆಯ ಮುಂದೆ ಕೂತು ಒಂದೂವರೆ ಮುದ್ದೆ ಉಂಡರು. ಅದು ಇಳಿದು ಹೋಗಿರುತ್ತದೆ ಅಲ್ಲವೇ ಎಂದು ಒಮ್ಮೆ ಕೇಳಿದರು. ಇಷ್ಟು ಹೊಗೆಗೆ ಆನೆಯೂ ಇಳಿದಿರುತ್ತದೆ ಎಂದೆ.

ಮಾರನೆಯ ಬೆಳಿಗ್ಗೆ ನಾನು ದೋಟಿ ತೆಗೆದುಕೊಂಡು ನುಗ್ಗೆ ಮರದ ಕೆಳಗೆ ಹೋದೆ. ಎಲೆ ಮುಟ್ಟುವ ಮೊದಲು ತಲೆ ಎತ್ತಿ ನೋಡಿದೆ. ಅಲ್ಲೇ ಇತ್ತು, ಅದೇ ಕೊಂಬೆಯಲ್ಲಿ. ಎಲ್ಲೂ ಹೋಗಿರಲಿಲ್ಲ, ಸುಡುಗಾಡಿನ ಕಡೆ ಮುಖವೂ ಮಾಡಿರಲಿಲ್ಲ. ಒಂದು ಓತಿಕ್ಯಾತನನ್ನು ಹಿಡಿದು ನಿಧಾನವಾಗಿ ನುಂಗುತ್ತಿತ್ತು. ನಮ್ಮ ಮನೆಯಲ್ಲಿ ಎರಡು ದಿನ ಊಟ ಬಿಟ್ಟು ಕೂತದ್ದು ಯಾರು ಎಂದು ಆಗ ಸರಿಯಾಗಿ ತಿಳಿಯಿತು.

ಯಜಮಾನರು ಜಗುಲಿಯಿಂದ ಕೂಗಿದರು. "ಏನಮ್ಮಿ, ಮರದ ಮೇಲೆ ಏನ್ ನೋಡ್ತಿದ್ದಯ್? ಏನದ ಅಲ್ಲಿ?"

ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಓತಿಕ್ಯಾತ ಕಣ್ರೀ" ಅಂದೆ.

ಸುಳ್ಳಲ್ಲ. ಬಾಲ ಇನ್ನೂ ಹೊರಗಿತ್ತು. ಅದು ಒಳಗೆ ಹೋಗುವ ತನಕ ನಿಂತಿದ್ದು, ಆ ಕಡೆಯ ಕೊಂಬೆ ಬಿಟ್ಟು ಈ ಕಡೆಯದಕ್ಕೆ ದೋಟಿ ಹಾಕಿ, ಬಸ್ಸಾರಿಗಾಗುವಷ್ಟು ಸೊಪ್ಪು ಎಳೆದುಕೊಂಡು ಬಂದೆ.